ಮನೆಯಲ್ಲಿ ಗೆದ್ದ ಪಂದ್ಯಗಳು: ಆನಂದ್ ಮತ್ತು ಚದುರಂಗದ ತಯಾರಿ

ವಿಶ್ವನಾಥನ್ ಆನಂದ್ ಎಂದೊಡನೆ ನೆನಪಾಗುವುದು ವೇಗ. ಎದುರಾಳಿ ಹೊತ್ತುಗಟ್ಟಲೆ ತಲೆಕೆಡಿಸಿಕೊಂಡು ನಡೆಸಿದ ಕಾಯಿಗೆ ಥಟ್ಟನೆ ಉತ್ತರ ಕೊಡುವ ಆ ಹುಟ್ಟು ಪ್ರತಿಭೆಯೇ ಐದು ವಿಶ್ವ ಕಿರೀಟಗಳನ್ನು ತಂದುಕೊಟ್ಟಿತೆಂಬ ನಂಬಿಕೆ ನಮ್ಮಲ್ಲಿ ಬೇರೂರಿದೆ. ಅವರ ಪಂದ್ಯಗಳನ್ನು ಕ್ರಮವಾಗಿ ಓದುತ್ತಾ ಬಂದರೆ ಈ ನಂಬಿಕೆ ಸಡಿಲಾಗುತ್ತದೆ. ಅವರು ಬೆಳೆದ ನೆಲವನ್ನೇ ನೋಡಿ. ಮ್ಯಾನ್ಯುವೆಲ್ ಆರನ್ 1961ರಲ್ಲಿ ಭಾರತದ ಮೊದಲ ಇಂಟರ್‌ನ್ಯಾಷನಲ್ ಮಾಸ್ಟರ್ ಆದರು. ಮೊದಲ ಗ್ರ್ಯಾಂಡ್‌ಮಾಸ್ಟರ್‌ಗಾಗಿ ದೇಶ 1988ರವರೆಗೆ, ಆನಂದ್ ಬರುವವರೆಗೆ, ಕಾಯಬೇಕಾಯಿತು. ಆ 27 ವರ್ಷ ನಮ್ಮಲ್ಲಿ ಆಟಗಾರರಿಗೆ ಬರವಿರಲಿಲ್ಲ. ಪುಸ್ತಕ, ಹೊಸ ಪಂದ್ಯಗಳ ದಾಖಲೆ, ಬಲಿಷ್ಠ ಎದುರಾಳಿಗಳಿಗೆ ಮಾತ್ರ ಬರವಿತ್ತು. ಮದ್ರಾಸಿನ ಸೋವಿಯತ್ ಸಾಂಸ್ಕೃತಿಕ ಕೇಂದ್ರದಲ್ಲಿ ಆರನ್ ಕಟ್ಟಿದ ತಾಲ್ ಚೆಸ್ ಕ್ಲಬ್ ಆ ಕೊರತೆಯನ್ನು ಕೊಂಚ ನೀಗಿಸಿತು. ಬಾಲಕ ಆನಂದ್ ಬೆಳೆದದ್ದು ಅಲ್ಲಿ.

ವೇಗವೊಂದೇ ಸಾಲದೆಂಬುದಕ್ಕೆ 1995ರಲ್ಲಿ ನ್ಯೂಯಾರ್ಕ್‌ನಲ್ಲಿ ನಡೆದ ವಿಶ್ವ ಕಿರೀಟದ ಪಂದ್ಯ ಸಾಕ್ಷಿ. ಕ್ಯಾಸ್ಪರೋವ್ ಎದುರು ಎಂಟು ಡ್ರಾಗಳ ಬಳಿಕ ಒಂಬತ್ತನೇ ಆಟವನ್ನು ಆನಂದ್ ಗೆದ್ದರು. ಮರು ಆಟದಲ್ಲೇ ಕ್ಯಾಸ್ಪರೋವ್ ಮನೆಯಲ್ಲಿ ಸಿದ್ಧಮಾಡಿಕೊಂಡು ಬಂದಿದ್ದ ಆನೆಯ ಬಲಿದಾನ ಮುಂದಿಟ್ಟು ಸೇಡು ತೀರಿಸಿಕೊಂಡರು. ಮುಂದಿನ ನಾಲ್ಕರಲ್ಲಿ ಮತ್ತೆ ಮೂರನ್ನು ಗೆದ್ದರು. ಹಲಗೆಯ ಮುಂದೆ ಆನಂದ್ ಕ್ಯಾಸ್ಪರೋವ್‌ಗಿಂತ ತೀರಾ ಕಡಿಮೆಯವರಾಗಿರಲಿಲ್ಲ. ಹಲಗೆಗೆ ಬರುವ ಮುನ್ನ ನಡೆಯಬೇಕಾದ ಕೆಲಸದಲ್ಲಿ ಹಿಂದೆ ಬಿದ್ದಿದ್ದರು.

ಆ ಲೆಕ್ಕ ಚುಕ್ತಾ ಆದದ್ದು 2008ರಲ್ಲಿ, ಜರ್ಮನಿಯ ಬಾನ್ ನಗರದಲ್ಲಿ, ಕ್ರಾಮ್ನಿಕ್ ವಿರುದ್ಧದ ವಿಶ್ವ ಕಿರೀಟದ ಪಂದ್ಯದಲ್ಲಿ. ಹೆಚ್ಚಾಗಿ ರಾಜನ ಮುಂದಿನ ಪೇದೆಯಿಂದ ಆಟ ಶುರುಮಾಡುತ್ತಿದ್ದ ಆನಂದ್, 38ರ ವಯಸ್ಸಿನಲ್ಲಿ ರಾಣಿಯ ಮುಂದಿನ ಪೇದೆಗೆ ಹೊರಳಿದರು. ಮೂರನೇ ಆಟದಲ್ಲಿ ಅವರದು ಕಪ್ಪು ಕಾಯಿ. ರಾಜನಿಗೆ ಕ್ಯಾಸ್ಲಿಂಗ್‌ನ ರಕ್ಷಣೆ ಇಲ್ಲ, ಒಂದು ಪೇದೆ ಕೈಬಿಟ್ಟಾಗಿದೆ. 16ನೇ ನಡೆಯಲ್ಲಿ ಆನೆ ಜಿ8ಕ್ಕೆ ಬಂತು, ಮರು ನಡೆಯಲ್ಲೇ ಜಿ4ಕ್ಕೆ ನುಗ್ಗಿತು. 41 ನಡೆಗಳಲ್ಲಿ ಕ್ರಾಮ್ನಿಕ್ ಸೋತರು. ಐದನೇ ಆಟದಲ್ಲಿ ಅವರು ಅದೇ ದಾರಿ ಹಿಡಿದಾಗ ಆನಂದ್ ಆನೆಯನ್ನು ಒಂದು ನಡೆ ಮೊದಲೇ ಜಿ8ಕ್ಕೆ ತಂದು ಮತ್ತೆ ಗೆದ್ದರು. ಇದೆಲ್ಲ ಕಂಪ್ಯೂಟರ್ ಮತ್ತು ಸಹಾಯಕರ ತಂಡದ ಗೆಲುವು ಎನ್ನುವವರಿದ್ದಾರೆ. ಆದರೆ ಅಂಥ ಯಂತ್ರ, ಅಂಥ ತಂಡ ಕ್ರಾಮ್ನಿಕ್ ಬಳಿಯೂ ಇದ್ದವು. ಹಿಡಿತ ತಪ್ಪದ ಶಾಂತ ಆಟ ಬಯಸುವ ಎದುರಾಳಿಯನ್ನು ಎಂಥ ಗೊಂದಲಕ್ಕೆ ಎಳೆಯಬೇಕು, ಅದಕ್ಕಾಗಿ ತನ್ನ ಯಾವ ಹಳೆಯ ಅಭ್ಯಾಸ ಬಿಡಬೇಕು ಎಂಬ ತೀರ್ಮಾನ ಮನುಷ್ಯನದೇ. ನನ್ನ ಪ್ರಕಾರ ಆನಂದರ ಅತಿ ದೊಡ್ಡ ಸಾಧನೆ ಈ ತೀರ್ಮಾನ.

2013ರಲ್ಲಿ ಚೆನ್ನೈನಲ್ಲಿ ಕಾರ್ಲ್‌ಸನ್ ಈ ವಾದವನ್ನೇ ಬುಡಮೇಲು ಮಾಡಲಿಲ್ಲವೇ? ಅವರು ಆರಂಭದ ಪೈಪೋಟಿಯನ್ನೇ ತಪ್ಪಿಸಿ, ಸಾದಾ ಸ್ಥಿತಿಗಳನ್ನು ಗಂಟೆಗಟ್ಟಲೆ ಜಗ್ಗಿ, 6.5-3.5ರಿಂದ ಗೆದ್ದರು ನಿಜ. ಆದರೆ ತಯಾರಿಯಿಂದ ತಪ್ಪಿಸಿಕೊಳ್ಳುವ ಯೋಜನೆಯೂ ತಯಾರಿಯ ಬಲವನ್ನು ಒಪ್ಪಿಕೊಂಡಂತೆಯೇ. ಆನಂದ್ ಮರುವರ್ಷ ಸವಾಲುಗಾರನನ್ನು ಆರಿಸುವ ಕ್ಯಾಂಡಿಡೇಟ್ಸ್ ಟೂರ್ನಿ ಗೆದ್ದು ಕಾರ್ಲ್‌ಸನ್‌ಗೆ ಮತ್ತೆ ಎದುರಾದರು. ಆ ಪಂದ್ಯವನ್ನೂ ಸೋತರು. ಆದರೆ ತಯಾರಿಯ ಆ ಪಾಠ ಅಲ್ಲಿಗೆ ನಿಲ್ಲಲಿಲ್ಲ. 2024ರಲ್ಲಿ ಸಿಂಗಪುರದಲ್ಲಿ 18ರ ಗುಕೇಶ್ ಡಿಂಗ್ ಲಿರೆನ್ ಅವರನ್ನು 7.5-6.5ರಿಂದ ಸೋಲಿಸಿ ವಿಶ್ವ ಕಿರೀಟ ಗೆದ್ದಾಗ ಗುಕೇಶರ ಸಿದ್ಧತೆಯ ಹೊಣೆ ಹೊತ್ತಿದ್ದವರು ಪೋಲೆಂಡಿನ ಗಾಯೆವ್‌ಸ್ಕಿ. ಅದಕ್ಕೂ ಮೊದಲು ಹಲವು ವರ್ಷ ಅವರು ದುಡಿದದ್ದು ಆನಂದರ ಸಹಾಯಕರಾಗಿ.