ನಾಟಕ ಆಡಿದ್ದು ನಾವು, ಬರೆದದ್ದು ಯಾರು?

1/7

ಫೋಟೋದಲ್ಲಿ ಕಾಣ್ತಿರೋದು 100 ಪೇಜಿನ ಒಂದು ನೋಟ್‌ಬುಕ್. ಮೂಲೆ ಮಳೆಗೆ ಒದ್ದೆಯಾಗಿ ಉಬ್ಬಿದೆ. ಮುಂದಿನಿಂದ ತೆರೆದ್ರೆ ಗಣಿತ, ಹಿಂದಿನಿಂದ ತೆರೆದ್ರೆ ಆರು ಪುಟದ ಒಂದು ನಾಟಕ. ಬರೆದವಳು ನನ್ನ ಕ್ಲಾಸ್‌ಮೇಟ್. ವರ್ಷ 2019, ನಾವು ಆಗ 9ನೇ ಕ್ಲಾಸು. ಅವಳನ್ನ ಕೇಳಿಯೇ ಫೋಟೋ ಹಾಕಿದ್ದೀನಿ. ಹೆಸರು ಬೇಡ ಅಂದ್ಲು, ಹಾಗಾಗಿ ಹಾಕಿಲ್ಲ.

ಬಾಳೂರು ಗೊತ್ತಿಲ್ಲದವರಿಗೆ: ಮೂಡಿಗೆರೆ ತಾಲೂಕು. ಕೊಟ್ಟಿಗೆಹಾರದ ಕಡೆಯಿಂದ ಕಳಸಕ್ಕೆ ಹೋಗೋ ದಾರಿ. ಎರಡೂ ಬದಿ ಕಾಫಿ ತೋಟ, ಮೇಲೆ ಸಿಲ್ವರ್ ಮರ, ಅದರ ಮೇಲೆ ಮೋಡ. ಇಲ್ಲಿ ಶಾಲಾ ವಾರ್ಷಿಕೋತ್ಸವ ಅಂದ್ರೆ ಡಿಸೆಂಬರ್. ಅದೇ ಹೊತ್ತಿಗೆ ಅರೇಬಿಕಾ ಕುಯ್ಲು. ಅಪ್ಪ ಅಮ್ಮ ತೋಟದಿಂದ ಕೈ ತೊಳ್ಕೊಂಡು ಸೀದಾ ನಾಟಕ ನೋಡೋಕೆ ಬರ್ತಾರೆ. ಸಂಜೆ ಬಸ್ ಹೋಗೋದ್ರೊಳಗೆ ಎಲ್ಲ ಮುಗೀಬೇಕು. ಅದಕ್ಕೇ ನಮ್ಮ ನಾಟಕಗಳೆಲ್ಲ ಹತ್ತು ಹದಿನೈದು ನಿಮಿಷದವು.

ಶಾಲೇಲಿ ನಾಟಕ ಆಡದವರು ಕಮ್ಮಿ. ನೀವೂ ಮರನೋ, ಮಂತ್ರಿನೋ, ಕಾಗೆನೋ ಏನೋ ಒಂದು ಆಗಿರ್ತೀರಿ. ಆದ್ರೆ ಆ ನಾಟಕ ಬರೆದದ್ದು ಯಾರು ಅಂತ ನೆನಪಿದ್ಯಾ? ಈ ಸಲದ ಸರಣಿ ಆ ಪ್ರಶ್ನೆ ಹಿಡ್ಕೊಂಡು ಹೋಗುತ್ತೆ. ಸುಮಾರು ನೂರು ವರ್ಷದ ಕಥೆ. ಕೊನೇಲಿ ಈ ನೋಟ್‌ಬುಕ್‌ಗೆ ವಾಪಸ್ ಬರ್ತೀನಿ.

2/7

ಶುರು ನಮ್ಮ ಜಿಲ್ಲೆಯಿಂದಲೇ ಮಾಡೋಣ. ಕುವೆಂಪು ಹುಟ್ಟಿದ್ದು 1904ರ ಡಿಸೆಂಬರ್ 29ಕ್ಕೆ, ಕೊಪ್ಪ ತಾಲೂಕಿನ ಹಿರೇಕೊಡಿಗೆಯಲ್ಲಿ, ಅಂದ್ರೆ ತಾಯಿಯ ತವರಲ್ಲಿ. ಬೆಳೆದದ್ದು ಕುಪ್ಪಳಿ, ಓದಿದ್ದು ಮೈಸೂರು.

1922ರಲ್ಲಿ ಅವರ ಮೊದಲ ಪುಸ್ತಕ ಬಂತು. ವಯಸ್ಸು 17. ಅದು ಇಂಗ್ಲಿಷ್ ಕವನಗಳ ಪುಟ್ಟ ಪುಸ್ತಕ. ಆಮೇಲೆ ಐರಿಷ್ ಕವಿ ಜೇಮ್ಸ್ ಕಸಿನ್ಸ್ ಮೈಸೂರಿಗೆ ಬಂದಾಗ ಈ ಹುಡುಗ ತನ್ನ ಇಂಗ್ಲಿಷ್ ಕವನಗಳನ್ನ ತಗೊಂಡು ಹೋಗಿ ತೋರಿಸಿದ. ಕಸಿನ್ಸ್ ಕೊಟ್ಟ ಸಲಹೆ ಒಂದೇ: ನಿನ್ನ ಭಾಷೆಯಲ್ಲಿ ಬರಿ. ಈ ಪ್ರಸಂಗವನ್ನ ನಾವು ಭಾಷಣಗಳಲ್ಲಿ ಎಷ್ಟು ಸಲ ಕೇಳಿದ್ದೀವೋ ಲೆಕ್ಕ ಇಲ್ಲ. ಕನ್ನಡಾಭಿಮಾನದ ಕಥೆ ಅಂತಲೇ ಹೇಳ್ತಾರೆ. ನನಗೆ ಅದರಲ್ಲಿ ಇನ್ನೊಂದು ಕಾಣುತ್ತೆ. ಒಬ್ಬ ದೊಡ್ಡ ಮನುಷ್ಯ ಓದ್ತಿರೋ ಹುಡುಗ ಬರೆದದ್ದನ್ನ ಕೂತು ಓದಿದ. ನಾಲ್ಕು ಸಾಲು ತಿದ್ದಿ ಬೆನ್ನು ತಟ್ಟಿ ಕಳಿಸೋದು ಸುಲಭ ಇತ್ತು. ಅದನ್ನ ಮಾಡದೆ, ನಿನ್ನ ಮಾತಲ್ಲೇ ಬರಿ ಅಂದ.

1926ರಲ್ಲಿ ಅದೇ ಹುಡುಗ ಮಕ್ಕಳಿಗಾಗಿ ಕನ್ನಡದಲ್ಲಿ ಒಂದು ನಾಟಕ ಬರೆದ: 'ಮೋಡಣ್ಣನ ತಮ್ಮ'. ಆಗ ವಯಸ್ಸು 21, ಇನ್ನೂ ಸ್ಟೂಡೆಂಟು. ನನಗಿಂತ ಒಂದೇ ವರ್ಷ ದೊಡ್ಡವರು! 'ಬೊಮ್ಮನಹಳ್ಳಿಯ ಕಿಂದರಿಜೋಗಿ' ಕೂಡ ಅದೇ ಕಾಲದ್ದು. ಅದು ಕಥನ ಕವನ, ಆದ್ರೂ ಇಲಿ ಆಗಿ ಸ್ಟೇಜಲ್ಲಿ ಓಡಾಡಿದ ಕನ್ನಡದ ಮಕ್ಕಳಿಗೆ ಅದು ನಾಟಕವೇ.

3/7

ಈಗ ಕೊಟ್ಟಿಗೆಹಾರದಿಂದ ಚಾರ್ಮಾಡಿ ಘಾಟಿ ಇಳಿಯೋಣ. ಕೆಳಗೆ ಪುತ್ತೂರು. ಅಲ್ಲಿ ಶಿವರಾಮ ಕಾರಂತರ ಬಾಲವನ ಇದೆ. ಮಕ್ಕಳು ಪಾಠಪುಸ್ತಕದ ಹೊರಗೂ ಕಲೀತಾರೆ, ಕುಣಿತ ನಾಟಕದಿಂದಲೂ ಕಲೀತಾರೆ ಅಂತ 1930ರ ದಶಕದಲ್ಲೇ ಅಲ್ಲಿ ಪ್ರಯೋಗ ಮಾಡಿದವರು ಅವರು.

ಅಲ್ಲಿಂದ ಬಂಟ್ವಾಳ ತಾಲೂಕಿನ ಮಂಚಿ ಕಡೆ ಹೋದ್ರೆ ಇನ್ನೊಬ್ಬ ಕಾರಂತರ ಊರು. ಬಿ.ವಿ. ಕಾರಂತ. ಮೂರನೇ ಕ್ಲಾಸಲ್ಲಿದ್ದಾಗ ಪಿ.ಕೆ. ನಾರಾಯಣ ಅನ್ನೋರು ಮಾಡಿಸಿದ ನಾಟಕದಲ್ಲಿ ಮೊದಲ ಸಲ ಬಣ್ಣ ಹಚ್ಚಿದ್ರು. ನಾಟಕ ಯಾವುದು ಗೊತ್ತಾ? ಕುವೆಂಪು ಬರೆದ 'ನನ್ನ ಗೋಪಾಲ'. ಮಲೆನಾಡಿನವರು ಬರೆದ ನಾಟಕ ಕರಾವಳಿಯ ಹಳ್ಳಿ ಶಾಲೆಗೆ ಹೋಗಿ ಒಬ್ಬ ಹುಡುಗನ ತಲೆ ಕೆಡಿಸಿತು. ಆಮೇಲೆ ಆತ ಮನೆ ಬಿಟ್ಟು ಓಡಿಹೋಗಿ ಗುಬ್ಬಿ ವೀರಣ್ಣನವರ ಕಂಪನಿ ಸೇರಿದ್ದು, ದೆಹಲಿಯ ರಾಷ್ಟ್ರೀಯ ನಾಟಕ ಶಾಲೆಯ ನಿರ್ದೇಶಕನಾದದ್ದು, 1989ರಲ್ಲಿ ಮೈಸೂರಿನ ರಂಗಾಯಣ ಕಟ್ಟಿದ್ದು, ಎಲ್ಲದರ ಹಿಂದೆ ಆ ಮೂರನೇ ಕ್ಲಾಸಿನ ನಾಟಕ ಇದೆ. ಶಾಲೆ ನಾಟಕ ಟೈಂಪಾಸ್ ಅನ್ನೋರಿಗೆ ಈ ಒಂದು ಉದಾಹರಣೆ ಸಾಕು.

ಕಾರಂತರು ಮಕ್ಕಳ ನಾಟಕವನ್ನ ಯಾವತ್ತೂ ಬಿಡಲಿಲ್ಲ. ಅವರ 'ಪಂಜರ ಶಾಲೆ' ಟಾಗೋರರ ಒಂದು ಕಥೆಯಿಂದ ಬಂದದ್ದು. ರಾಜನಿಗೆ ಒಂದು ಹಕ್ಕಿಗೆ ವಿದ್ಯೆ ಕಲಿಸೋ ಆಸೆ. ಚಿನ್ನದ ಪಂಜರ ಬರುತ್ತೆ, ಪಂಡಿತರು ಬರ್ತಾರೆ, ಪುಸ್ತಕದ ಹಾಳೆ ಹರಿದು ಹಕ್ಕಿಯ ಬಾಯಿಗೆ ತುರುಕ್ತಾರೆ. ಎಲ್ಲರಿಗೂ ಸಂಬಳ, ಎಲ್ಲರಿಗೂ ಸನ್ಮಾನ. ಹಕ್ಕಿ ಹೇಗಿದೆ ಅಂತ ಮಾತ್ರ ಯಾರೂ ನೋಡಲ್ಲ. ಅದು ಸತ್ತೇ ಹೋಗುತ್ತೆ.

ಈ ಹಕ್ಕಿಯನ್ನ ನೆನಪಿಟ್ಕೊಳ್ಳಿ.

4/7

ಮತ್ತೆ ಘಟ್ಟ ಹತ್ತಿ ಸಾಗರದ ಕಡೆ. ಹೆಗ್ಗೋಡಿನ ನೀನಾಸಂ ಶುರುವಾದದ್ದು 1949ರಲ್ಲಿ. ಅಡಿಕೆ ತೋಟದ ಊರಲ್ಲಿ ಕೆ.ವಿ. ಸುಬ್ಬಣ್ಣ 1980ರಲ್ಲಿ ರಂಗಶಿಕ್ಷಣ ಕೇಂದ್ರ ತೆರೆದ್ರು. 1985ರಿಂದ ತಿರುಗಾಟ ತಂಡ ಊರೂರು ಸುತ್ತೋಕೆ ಶುರು ಮಾಡ್ತು. ಅಲ್ಲಿ ಕಲಿತವರು ಎಷ್ಟೋ ಶಾಲೆಗಳಿಗೆ ಹೋಗಿ ಮಕ್ಕಳಿಗೆ ನಾಟಕ ಮಾಡಿಸಿದ್ದಾರೆ. ಶರಾವತಿ ಹಿನ್ನೀರಿನ ಆಚೆಯ ತುಮರಿಯಲ್ಲಿ ಕೆ.ಜಿ. ಕೃಷ್ಣಮೂರ್ತಿ ಅವರ ಕಿನ್ನರ ಮೇಳ ಮಕ್ಕಳ ನಾಟಕಕ್ಕೇ ಹೆಸರಾದ ತಂಡ. ಮೈಸೂರಿನ ರಂಗಾಯಣದಲ್ಲಿ ಬೇಸಿಗೆ ಬಂತು ಅಂದ್ರೆ ಚಿಣ್ಣರ ಮೇಳ.

ಬರವಣಿಗೆಯಲ್ಲೂ ಬಡತನ ಇಲ್ಲ. ಕಂಬಾರರು ಮಕ್ಕಳಿಗೆ ಬರೆದಿದ್ದಾರೆ. ವೈದೇಹಿ ಅವರು 'ಧಾಂ ಧೂಂ ಸುಂಟರಗಾಳಿ', 'ಮೂಕನ ಮಕ್ಕಳು', 'ಗೊಂಬೆ ಮ್ಯಾಕ್‌ಬೆತ್', 'ನಾಯಿಮರಿ ನಾಟಕ' ಅಂತ ಸಾಲುಸಾಲು ಕೊಟ್ಟಿದ್ದಾರೆ. ಇವೆಲ್ಲ ಒಳ್ಳೆ ನಾಟಕಗಳು. ಮಕ್ಕಳನ್ನ ಪೆದ್ದರು ಅಂದ್ಕೊಂಡು ಬರೆದವಲ್ಲ.

ಈಗ ಇಲ್ಲಿವರೆಗಿನ ಹೆಸರುಗಳನ್ನ ಒಂದ್ಸಲ ತಿರುಗಿ ನೋಡಿ. ನಾನು ಬಿಕಾಂ ಓದ್ತಿರೋದು, ಎರಡು ಕಾಲಂ ಹಾಕೋದು ಅಭ್ಯಾಸ. ಎಡಗಡೆ 'ಆಡಿದವರು', ಬಲಗಡೆ 'ಬರೆದವರು'. ಎಡಗಡೆ ಪೂರ್ತಿ ಮಕ್ಕಳು, ಬಲಗಡೆ ಪೂರ್ತಿ ದೊಡ್ಡವರು. ಸ್ಟೇಜು ಕೊಟ್ರು, ಹಾಡು ಕೊಟ್ರು, ಬಣ್ಣ ಕೊಟ್ರು. ಪೆನ್ನು ಮಾತ್ರ ದೊಡ್ಡವರ ಜೇಬಲ್ಲೇ ಉಳೀತು. ಬೇಸಿಗೆ ಶಿಬಿರಗಳಲ್ಲಿ ಮಕ್ಕಳ ಮಾತಿನಿಂದಲೇ ದೃಶ್ಯ ಕಟ್ಟಿಸೋ ಮೇಷ್ಟ್ರುಗಳು ಇದ್ದಾರೆ, ನಿಜ. ಆದ್ರೆ ಕರಪತ್ರದಲ್ಲಿ 'ರಚನೆ' ಅನ್ನೋ ಜಾಗದಲ್ಲಿ 14 ವರ್ಷದವರ ಹೆಸರು ನೀವು ಎಷ್ಟು ಸಲ ನೋಡಿದ್ದೀರಿ?

5/7

ಹೊಸ ನಾಟಕವೇ ಬೇಕು ಅಂತ ಕೇಳೋ ಜಾಗ ಶಾಲೆಯೊಳಗೆ ಒಂದಿದೆ. ವಿಜ್ಞಾನ ನಾಟಕ ಸ್ಪರ್ಧೆ. ಇದು ರಾಷ್ಟ್ರೀಯ ವಿಜ್ಞಾನ ಸಂಗ್ರಹಾಲಯಗಳ ಪರಿಷತ್ತಿನದ್ದು. ನಮ್ಮ ಕಡೆ ಬೆಂಗಳೂರಿನ ವಿಶ್ವೇಶ್ವರಯ್ಯ ಮ್ಯೂಸಿಯಂ ನಡೆಸುತ್ತೆ. ಹೌದು, ಟೂರಿಗೆ ಹೋದಾಗ ಡೈನೋಸಾರ್ ನೋಡಿದ್ದೀವಲ್ಲ, ಅದೇ ಮ್ಯೂಸಿಯಂ. ಒಂದು ತಂಡದಲ್ಲಿ ಎಂಟು ಜನ, ಸಮಯ ಅರ್ಧ ಗಂಟೆ. ಕೆಳಗಿನ ಹಂತಗಳಲ್ಲಿ ಗೆದ್ದವರು ರಾಜ್ಯ ಮಟ್ಟಕ್ಕೆ, ಅಲ್ಲಿಂದ ಮುಂದಕ್ಕೆ ಹೋಗ್ತಾರೆ. ನಟನೆ, ನಿರ್ದೇಶನದ ಜೊತೆ ಒಳ್ಳೆ ಸ್ಕ್ರಿಪ್ಟಿಗೂ ಬಹುಮಾನ ಇದೆ.

ಕೇಳೋಕೆ ಚಂದ. ಆದ್ರೆ ನಾನು ನೋಡಿದ ಹಾಗೆ ಸ್ಕ್ರಿಪ್ಟು ಬರೆಯೋದು ಹೆಚ್ಚಾಗಿ ಮೇಷ್ಟ್ರೇ. ಅವರನ್ನ ದೂರಿ ಪ್ರಯೋಜನ ಇಲ್ಲ. ಪೋರ್ಷನ್ ಮುಗಿಸಬೇಕು, ಬಿಸಿಯೂಟದ ಲೆಕ್ಕ ಬರೀಬೇಕು, ನಡುವೆ ನಾಟಕ. ನಾಟಕದ ಮೇಷ್ಟ್ರು ಅಂತಲೇ ಇರೋದು ರಾಜ್ಯದಲ್ಲಿ ಕೆಲವೇ ಕೆಲವು ಸರ್ಕಾರಿ ಹೈಸ್ಕೂಲುಗಳಲ್ಲಿ. ಮಕ್ಕಳು ಬರೀಲಿ ಅಂತ ಕಾಯೋಕೆ ಯಾರಿಗೆ ಪುರುಸೊತ್ತು?

ಹೀಗಾಗಿ ನಮ್ಮ ಬಾಯಲ್ಲಿ ಬಂದದ್ದು 'ಓ ಮಾನವ, ನಿನ್ನ ದುರಾಸೆಗೆ ಕೊನೆಯಿಲ್ಲವೇ' ತರದ ಡೈಲಾಗು. ಲೈನ್ ಮನೆಯಲ್ಲಿ ಯಾರೂ ಯಾರಿಗೂ 'ಓ ಮಾನವ' ಅನ್ನಲ್ಲ. 'ಎಂತ ಮಾರಾಯ' ಅಂತಾರೆ.

6/7

2019ರ ಆಗಸ್ಟ್. ಮೂಡಿಗೆರೆ ತಾಲೂಕಿನವರು ಆ ವಾರವನ್ನ ಮರೆತಿಲ್ಲ. ಮಲೆಮನೆ, ಮಧುಗುಂಡಿ ಕಡೆ ಗುಡ್ಡ ಜರಿದು ಮನೆ, ಗದ್ದೆ, ತೋಟ ಎಲ್ಲ ಮಣ್ಣಿನ ಜೊತೆ ಹೋಯ್ತು. ರಸ್ತೆ ಇಲ್ಲ, ಕರೆಂಟ್ ಇಲ್ಲ. ಶಾಲೆ ಮತ್ತೆ ತೆರೆದಾಗ ನಮ್ಮ ಕ್ಲಾಸಿನ ಒಬ್ಬಳು ಯೂನಿಫಾರ್ಮ್ ಇಲ್ಲದೆ ಬಂದ್ಲು. ಮನೆ ಹೋಗಿತ್ತು.

ಡಿಸೆಂಬರ್ ಹತ್ತಿರ ಬಂದಾಗ ಅವಳು ಈ ಆರು ಪುಟ ಬರೆದು ತಂದ್ಲು. ಒಂದೇ ರಾತ್ರಿ, ಒಂದೇ ಅಡುಗೆಮನೆ, ನಾಲ್ಕು ಜನ. ಗುಡ್ಡದ ಕಡೆಯಿಂದ ಸದ್ದು ಬರ್ತಿದೆ, ಹೊರಡಬೇಕು. ಎಲ್ಲರೂ ಕೈಗೆ ಸಿಕ್ಕಿದ್ದು ತಗೋತಾರೆ. ಅಜ್ಜಿ ಮಾತ್ರ ಬಾಗಿಲಲ್ಲಿ ನಿಂತು ಕೇಳ್ತಾಳೆ: 'ನಾಯಿ ಕಟ್ಟಿದ್ದು ಬಿಚ್ಚಿದ್ಯಾ?' ಯಾರೂ ಉತ್ತರ ಕೊಡಲ್ಲ. ನಾಟಕ ಮುಗೀತು.

ಮೇಷ್ಟ್ರು ಓದಿ ತುಂಬ ಹೊಗಳಿದ್ರು. ಆಮೇಲೆ ಒಳ್ಳೇದಕ್ಕೇ ಅಂತ ತಿದ್ದಿದ್ರು. ಭಾಷೆ ಶುದ್ಧ ಆಯ್ತು. ಗೆಸ್ಟ್ ಬರ್ತಾರೆ, ಒಂದು ಸಂದೇಶ ಇರ್ಲಿ ಅಂತ ಅಜ್ಜಿಯ ಕೊನೆ ಮಾತು 'ಪ್ರಕೃತಿ ಮಾತೆಯೇ, ನಮ್ಮನ್ನು ಕ್ಷಮಿಸು' ಅಂತ ಆಯ್ತು. ಅವಳು ಏನೂ ಅನ್ನಲಿಲ್ಲ. ಆಕ್ಟ್ ಮಾಡಲ್ಲ ಅಂದ್ಲು ಅಷ್ಟೇ. ಪರದೆ ಹಿಂದೆ ನೋಟ್‌ಬುಕ್ ಹಿಡಿದು ಪ್ರಾಂಪ್ಟ್ ಮಾಡೋಕೆ ನಿಂತ್ಲು. ಪರದೆ ಅಂದ್ರೆ ಎರಡು ಬೆಡ್‌ಶೀಟು. ಸ್ಟೇಜು ಅಂದ್ರೆ ಜೋಡಿಸಿದ ಬೆಂಚು.

ಅಜ್ಜಿ ಪಾರ್ಟು ನನ್ನದು. ಕೊನೇಲಿ ನನಗೆ ಪ್ರಕೃತಿ ಮಾತೆ ಮರೆತೇ ಹೋದ್ಲು. ಹಿಂದಿನಿಂದ ಪ್ರಾಂಪ್ಟ್ ಬರುತ್ತೆ ಅಂತ ಕಾದೆ, ಬರಲಿಲ್ಲ. ಬಾಯಿಗೆ ಬಂದದ್ದು ಮೊದಲು ಕಲಿತ ಮಾತು, 'ನಾಯಿ ಕಟ್ಟಿದ್ದು ಬಿಚ್ಚಿದ್ಯಾ?'

ಅಲ್ಲಿವರೆಗೆ ಕಡಲೆಕಾಯಿ ತಿಂದ್ಕೊಂಡು ಮಾತಾಡ್ತಿದ್ದ ಜನ ಸುಮ್ಮನಾದ್ರು. ಚಪ್ಪಾಳೆ ಬರೋಕೆ ಸ್ವಲ್ಪ ಹೊತ್ತು ಹಿಡೀತು. ನಾನು ಚೆನ್ನಾಗಿ ಆಡಿದ್ದಕ್ಕೆ ಅಂತ ತುಂಬ ದಿನ ಅಂದ್ಕೊಂಡಿದ್ದೆ. ಆ ಮಾತು ಅಲ್ಲಿ ಕೂತಿದ್ದವರ ಮನೆಯದ್ದು ಅನ್ನೋದು ಹೊಳೆದದ್ದು ಈಚೆಗೆ.

ಅವಳು ಆಮೇಲೆ ಇನ್ನೊಂದು ನಾಟಕ ಬರೀಲಿಲ್ಲ.

7/7

ನ್ಯೂಯಾರ್ಕಿನಲ್ಲಿ ಸ್ಟೀಫನ್ ಸಾಂಡ್‌ಹೈಮ್ ಅನ್ನೋ ದೊಡ್ಡ ಸಂಗೀತ ನಾಟಕಕಾರ ಇದ್ರು. 1981ರಲ್ಲಿ ಅವರು 18 ವರ್ಷದೊಳಗಿನವರು ಬರೆದ ನಾಟಕಗಳಿಗಾಗಿಯೇ ಒಂದು ಸಂಸ್ಥೆ ಶುರು ಮಾಡಿದ್ರು. ಆಯ್ಕೆಯಾದ ನಾಟಕಗಳನ್ನ ವೃತ್ತಿಪರ ನಟರು ಆಡ್ತಿದ್ರು. ಅಲ್ಲಿನ ನಾಟಕಕಾರರ ಸಂಘದ ಒಂದು ಹಳೆ ನಿಯಮ ಇದೆ: ಬರೆದವರ ಒಪ್ಪಿಗೆ ಇಲ್ದೆ ಒಂದು ಮಾತನ್ನೂ ಬದಲಾಯಿಸೋ ಹಾಗಿಲ್ಲ. ಓದಿದಾಗ ನನಗೆ ಮೊದಲು ನೆನಪಾದದ್ದು ಆ ಅಜ್ಜಿಯ ಸಾಲು.

ನಮ್ಮಲ್ಲಿ ದುಡ್ಡು, ಥಿಯೇಟರು ಇಲ್ಲ. ಆದ್ರೆ ಈ ನಿಯಮಕ್ಕೆ ದುಡ್ಡು ಬೇಕಾಗಿಲ್ಲ.

ಇದು ನಮ್ಮ ಬೆಟ್ಟದ ಶಾಲೆಗಳಿಗೆ ಇನ್ನೂ ಮುಖ್ಯ. ಒಂದೇ ಬೆಂಚಲ್ಲಿ ಕನ್ನಡ, ತುಳು, ಕೊಂಕಣಿ, ಬ್ಯಾರಿ, ತಮಿಳು ಮನೆಮಾತಿನವರು ಕೂರ್ತಾರೆ. ಈಗೀಗ ತೋಟದ ಕೆಲಸಕ್ಕೆ ಅಸ್ಸಾಂ ಕಡೆಯಿಂದ ಬಂದವರ ಮಕ್ಕಳೂ ಇದ್ದಾರೆ. ಆನೆ ಬಂದ ರಾತ್ರಿ, ಕುಯ್ಲಿಗೆ ಹೋದ ಅಮ್ಮ, ಮಳೆಗೆ ನಿಂತ ಬಸ್, ಇವನ್ನ ಬೇರೆ ಊರಲ್ಲಿ ಕೂತವರು ಬರೆಯೋಕಾಗಲ್ಲ. ಇದೇ ಮೂಡಿಗೆರೆಯಲ್ಲಿ ಕೂತು ತೇಜಸ್ವಿ 'ಕರ್ವಾಲೊ'ದಲ್ಲಿ ಮಂದಣ್ಣನನ್ನ ಮಂದಣ್ಣನ ಹಾಗೇ ಮಾತಾಡೋಕೆ ಬಿಟ್ರು. ಕನ್ನಡಕ್ಕೆ ಅದರಿಂದ ನಷ್ಟ ಏನೂ ಆಗಲಿಲ್ಲ.

ಈ ಡಿಸೆಂಬರಿಗೆ ನಾವು ನಾಲ್ಕು ಜನ ಹಳೇ ವಿದ್ಯಾರ್ಥಿಗಳು ಊರಲ್ಲಿ ಹೈಸ್ಕೂಲು ಮಕ್ಕಳ ಜೊತೆ ಕೂರ್ತಿದ್ದೀವಿ. ಶನಿವಾರ ಮಧ್ಯಾಹ್ನ, ಒಬ್ಬರ ಮನೆಯ ಕಾಫಿ ಕಣದಲ್ಲಿ. ಹತ್ತು ನಿಮಿಷದ ನಾಟಕಗಳು. ಅಕ್ಷರ ತಪ್ಪಿದ್ರೆ ತೋರಿಸ್ತೀವಿ, ಮಾತು ಬದಲಾಯಿಸಲ್ಲ. ಸಂದೇಶ ಕಡ್ಡಾಯ ಅಲ್ಲ. ಮನೆಮಾತು ಬಂದ್ರೆ ಬರ್ಲಿ. 'ರಚನೆ' ಅಂತ ಮಗುವಿನ ಹೆಸರೇ ಓದಿ ಹೇಳ್ತೀವಿ. ಇಲ್ಲಿವರೆಗಿನ ಖರ್ಚು 340 ರೂಪಾಯಿ: ನೋಟ್‌ಬುಕ್ಕು, ಪೆನ್ನು, ಬನ್ನು.

ಮೊದಲ ಶನಿವಾರ ಅವಳೂ ಬಂದಿದ್ಲು. ಸುಮ್ಮನೆ ನೋಡೋಕೆ ಬಂದೆ ಅಂದ್ಲು. ಹೋಗೋವಾಗ ಒಂದು ಖಾಲಿ ನೋಟ್‌ಬುಕ್ ಕೇಳಿ ಇಸ್ಕೊಂಡು ಹೋದ್ಲು. ಲೆಕ್ಕದಲ್ಲಿ ಅದನ್ನೂ ಬರೆದಿದ್ದೀನಿ.

ನಿಮ್ಮ ಹತ್ರನೂ ಶಾಲೆ ದಿನಗಳಲ್ಲಿ ನೀವೇ ಬರೆದ ನಾಟಕ ಇದ್ರೆ, ಅಟ್ಟದ ಮೇಲೋ ಟ್ರಂಕಲ್ಲೋ ಹುಡುಕಿ. ಸಿಕ್ಕಿದ್ರೆ ಒಂದು ಪುಟದ ಫೋಟೋ ಕಳಿಸಿ. ತಿದ್ದಬೇಡಿ, ಇದ್ದ ಹಾಗೇ ಇರ್ಲಿ.

#ಬಾಳೂರು #ಮೂಡಿಗೆರೆ #ಮಲೆನಾಡು #ಮಕ್ಕಳನಾಟಕ #ನಮ್ಮೂರಚರಿತ್ರೆ