ಐವರನ್ನು ಸೇರಿಸಿದರೆ ಫೋನ್ ಫ್ರೀ? ರೆಫರಲ್ ಲಿಂಕ್ ಒತ್ತುವ ಮುನ್ನ ಸೂರತ್‌ನ ಈ ಕಥೆ ಓದಿ

ಅಹಮದಾಬಾದ್: 'ಈ ಲಿಂಕ್‌ನಲ್ಲಿ ಹೆಸರು ನೋಂದಾಯಿಸಿ, ಐದು ಗೆಳೆಯರನ್ನು ಸೇರಿಸಿ, ಹೊಸ ಫೋನ್ ಉಚಿತವಾಗಿ ಪಡೆಯಿರಿ!' ಇಂಥ ಸಂದೇಶ ನಿಮ್ಮ ವಾಟ್ಸಾಪ್‌ಗೂ ಬಂದಿರಬಹುದು. ಕಳಿಸಿದವರು ಅಪರಿಚಿತರೇನಲ್ಲ, ಅಣ್ಣನ ಮಗನೋ ಆಫೀಸಿನ ಗೆಳೆಯನೋ ಆಗಿರುತ್ತಾರೆ. ಹಾಗಾಗಿಯೇ ನಾವು ನಂಬುತ್ತೇವೆ. ಹಾಗಾದರೆ ಈ ರೆಫರಲ್ ಬಹುಮಾನ ನಿಜವೇ? ಹಣ ಎಲ್ಲಿಂದ ಬರುತ್ತದೆ? ಕಾನೂನು ಏನು ಹೇಳುತ್ತದೆ? ಇಲ್ಲಿದೆ ಪೂರ್ಣ ಮಾಹಿತಿ.

ಶುರುವಾಗಿದ್ದು ಐಪಾಡ್‌ನಿಂದ

2004ರಲ್ಲಿ ಅಮೆರಿಕದ ಗ್ರಾಟಿಸ್ ಇಂಟರ್ನೆಟ್ ಎಂಬ ಕಂಪನಿ 'ಫ್ರೀ ಐಪಾಡ್ಸ್' ವೆಬ್‌ಸೈಟ್ ನಡೆಸುತ್ತಿತ್ತು. ಜಾಹೀರಾತುದಾರರ ಒಂದು ಆಫರ್‌ಗೆ ನೀವು ಸೇರಬೇಕು, ಐವರು ಗೆಳೆಯರನ್ನೂ ಸೇರಿಸಬೇಕು. ಹೊಸ ಗ್ರಾಹಕರನ್ನು ಕೊಟ್ಟಿದ್ದಕ್ಕೆ ಜಾಹೀರಾತುದಾರರು ಕಂಪನಿಗೆ ಹಣ ಕೊಡುತ್ತಿದ್ದರು. ಅದರಲ್ಲೇ ಐಪಾಡ್ ಬರುತ್ತಿತ್ತು. ಹಲವರ ಮನೆಗೆ ಐಪಾಡ್ ತಲುಪಿದ್ದೂ ನಿಜ.

ಆದರೆ 2006ರ ಮಾರ್ಚ್‌ನಲ್ಲಿ ನ್ಯೂಯಾರ್ಕ್‌ನ ಅಟಾರ್ನಿ ಜನರಲ್ ಎಲಿಯಟ್ ಸ್ಪಿಟ್ಜರ್ ಈ ಕಂಪನಿ ವಿರುದ್ಧ ಮೊಕದ್ದಮೆ ಹೂಡಿದರು. ಯಾರಿಗೂ ಕೊಡುವುದಿಲ್ಲ ಎಂದು ಮಾತು ಕೊಟ್ಟು ಲಕ್ಷಾಂತರ ಬಳಕೆದಾರರ ಮಾಹಿತಿಯನ್ನು ಮಾರಿಕೊಂಡಿದೆ ಎಂಬುದು ಆರೋಪ. ಆ ಮಾಹಿತಿ ಪಡೆದಿದ್ದ ಡಾಟ್ರಾನ್ ಮೀಡಿಯಾ ಕಂಪನಿ 11 ಲಕ್ಷ ಡಾಲರ್ ಕೊಟ್ಟು ಪ್ರಕರಣ ಇತ್ಯರ್ಥ ಮಾಡಿಕೊಂಡಿತು.

ಮೂರು ನಗರಗಳ ಲೆಕ್ಕ

ಒಬ್ಬರು ಐವರನ್ನು ಸೇರಿಸಬೇಕು. ಆ ಐವರೂ ತಲಾ ಐವರನ್ನು ಸೇರಿಸಬೇಕು. ಹೀಗೆ 5, 25, 125 ಎಂದು ಹೋದರೆ ಹತ್ತನೇ ಹಂತಕ್ಕೆ 97.65 ಲಕ್ಷ ಜನ ಬೇಕು. ಮೊದಲಿನಿಂದ ಕೂಡಿದರೆ 1.22 ಕೋಟಿ.

2011ರ ಜನಗಣತಿ ಪ್ರಕಾರ ಪಾಲಿಕೆ ವ್ಯಾಪ್ತಿಯಲ್ಲಿ ಅಹಮದಾಬಾದ್‌ನ ಜನಸಂಖ್ಯೆ ಸುಮಾರು 55.7 ಲಕ್ಷ, ಸೂರತ್‌ನದ್ದು 44.6 ಲಕ್ಷ, ವಡೋದರಾದ್ದು 16.7 ಲಕ್ಷ. ಒಟ್ಟು 1.17 ಕೋಟಿ. ಅಂದರೆ ತೊಟ್ಟಿಲ ಕೂಸಿನಿಂದ ಹಿಡಿದು ಮೂರೂ ನಗರಗಳ ಎಲ್ಲರೂ ಸೇರಿದರೂ ಹತ್ತನೇ ಹಂತ ತುಂಬುವುದಿಲ್ಲ. ಕೊನೆಯ ಹಂತದಲ್ಲಿರುವವರೇ ನೂರಕ್ಕೆ 80 ಮಂದಿ. ಅವರಿಗೆ ಸೇರಿಸಲು ಯಾರೂ ಉಳಿದಿರುವುದಿಲ್ಲ, ಹಾಗಾಗಿ ಫೋನೂ ಇಲ್ಲ.

ಸೂರತ್‌ನ ಬಿಟ್‌ಕನೆಕ್ಟ್

ಇದೇ ಸರಪಳಿಗೆ ಹೂಡಿಕೆ ಸೇರಿಕೊಂಡರೆ ಏನಾಗುತ್ತದೆ ಎಂಬುದಕ್ಕೆ ಬಿಟ್‌ಕನೆಕ್ಟ್ ಉದಾಹರಣೆ. ಇದರ ಸಂಸ್ಥಾಪಕ ಎನ್ನಲಾದ ಸತೀಶ್ ಕುಂಭಾನಿ ಸೂರತ್ ಮೂಲದವರು. ಬಿಟ್‌ಕಾಯಿನ್ ಹೂಡಿದರೆ ತಿಂಗಳಿಗೆ ಶೇ 40ರವರೆಗೆ ಲಾಭ, ಇತರರನ್ನು ಕರೆತಂದರೆ ಕಮಿಷನ್ ಎಂಬ ಆಸೆ ತೋರಿಸಲಾಗಿತ್ತು. 2018ರ ಜನವರಿಯಲ್ಲಿ ಯೋಜನೆ ದಿಢೀರ್ ಬಂದ್ ಆಯಿತು. ಅದರ ನಾಣ್ಯದ ಬೆಲೆ ಪಾತಾಳಕ್ಕಿಳಿಯಿತು.

2022ರ ಫೆಬ್ರವರಿಯಲ್ಲಿ ಅಮೆರಿಕದ ನ್ಯಾಯ ಇಲಾಖೆ ಕುಂಭಾನಿ ವಿರುದ್ಧ 240 ಕೋಟಿ ಡಾಲರ್ ವಂಚನೆಯ ಆರೋಪ ಹೊರಿಸಿತು. 2023ರ ಜನವರಿಯಲ್ಲಿ ಅಲ್ಲಿನ ನ್ಯಾಯಾಲಯ 40ಕ್ಕೂ ಹೆಚ್ಚು ದೇಶಗಳ ಸುಮಾರು 800 ಸಂತ್ರಸ್ತರಿಗೆ 1.7 ಕೋಟಿ ಡಾಲರ್ ಮರಳಿಸಲು ಆದೇಶಿಸಿತು. 2025ರ ಫೆಬ್ರವರಿಯಲ್ಲಿ ಜಾರಿ ನಿರ್ದೇಶನಾಲಯದ ಅಹಮದಾಬಾದ್ ಕಚೇರಿ ಇದೇ ಪ್ರಕರಣದಲ್ಲಿ ₹1,646 ಕೋಟಿ ಮೌಲ್ಯದ ಕ್ರಿಪ್ಟೋ ಕರೆನ್ಸಿ ವಶಪಡಿಸಿಕೊಂಡಿತು.

ಸೇರಿಸಿದವರೂ ಹೊಣೆ

'ನಾನು ಲಿಂಕ್ ಕಳಿಸಿದೆ ಅಷ್ಟೇ' ಎಂದರೆ ಸಾಲದು. ಸದಸ್ಯರನ್ನು ಸೇರಿಸುವುದರ ಮೇಲೆ ಹಣ ಕೊಡುವ ಯೋಜನೆಗಳನ್ನು 1978ರ ಬಹುಮಾನ ಚೀಟಿ ಮತ್ತು ಹಣ ಪರಿಚಲನೆ ಯೋಜನೆ (ನಿಷೇಧ) ಕಾಯ್ದೆ ನಿಷೇಧಿಸುತ್ತದೆ. ಯೋಜನೆ ನಡೆಸುವುದು ಮಾತ್ರವಲ್ಲ, ಸದಸ್ಯರನ್ನು ಸೇರಿಸುವುದೂ ತಪ್ಪು. ಮೂರು ವರ್ಷದವರೆಗೆ ಜೈಲು ಶಿಕ್ಷೆಗೆ ಅವಕಾಶವಿದೆ. 2021ರ ಡಿಸೆಂಬರ್‌ನಲ್ಲಿ ಬಂದ ನೇರ ಮಾರಾಟ ನಿಯಮಗಳು ಕೂಡ ಪಿರಮಿಡ್ ಯೋಜನೆಗಳನ್ನು ನಿಷೇಧಿಸಿವೆ.

ಹಾಗಾದರೆ ಎಲ್ಲವೂ ಮೋಸವೇ?

ಅಲ್ಲ. 2017ರಲ್ಲಿ ಗೂಗಲ್‌ನ ತೇಜ್ ಆ್ಯಪ್ (ಈಗಿನ ಗೂಗಲ್ ಪೇ) ಬಂದಾಗ ಒಬ್ಬರನ್ನು ಸೇರಿಸಿದರೆ ₹51 ಸಿಗುತ್ತಿತ್ತು. ಅದು ಗ್ರಾಹಕರನ್ನು ಸೆಳೆಯಲು ಕಂಪನಿ ತನ್ನ ಜೇಬಿನಿಂದ ಮಾಡಿದ ಖರ್ಚು. ಅಸಲಿ ರೆಫರಲ್‌ನಲ್ಲಿ ಮೊತ್ತ ಚಿಕ್ಕದು, ನಿಮ್ಮಿಂದ ಹಣ ಕೇಳುವುದಿಲ್ಲ, ನೀವು ಸೇರಿಸಿದವರು ಮತ್ತೆ ಯಾರನ್ನು ಸೇರಿಸಿದರು ಎಂಬುದಕ್ಕೆ ಕಮಿಷನ್ ಇರುವುದಿಲ್ಲ.

ಈ ಲಕ್ಷಣ ಕಂಡರೆ ದೂರವಿರಿ

* ಬಹುಮಾನ ಕಳಿಸಲು ಡೆಲಿವರಿ ಶುಲ್ಕ, ಜಿಎಸ್‌ಟಿ ಅಥವಾ ನೋಂದಣಿ ಶುಲ್ಕ ಕೇಳುವುದು
* ಆಧಾರ್, ಪ್ಯಾನ್ ಫೋಟೊ ಅಥವಾ ಒಟಿಪಿ ಕೇಳುವುದು
* ಹಣ 'ಪಡೆಯಲು' ಯುಪಿಐ ಪಿನ್ ಹಾಕಿ ಎನ್ನುವುದು. ಹಣ ಸ್ವೀಕರಿಸಲು ಪಿನ್ ಬೇಕಿಲ್ಲ
* ಪ್ಲೇ ಸ್ಟೋರ್ ಬಿಟ್ಟು ಲಿಂಕ್ ಮೂಲಕ ಆ್ಯಪ್ ಹಾಕಿಕೊಳ್ಳಲು ಹೇಳುವುದು
* ಬೇರೆಯವರ ಹಣವನ್ನು ನಿಮ್ಮ ಖಾತೆಗೆ ಹಾಕಿಸಿಕೊಂಡು ಮುಂದೆ ಕಳಿಸಲು ಹೇಳುವುದು. ಇದರಿಂದ ನಿಮ್ಮ ಖಾತೆಯೇ ಸ್ಥಗಿತವಾಗಬಹುದು

ಹಣ ಹೋದರೆ ಏನು ಮಾಡಬೇಕು?

ತಡಮಾಡದೆ 1930ಕ್ಕೆ ಕರೆ ಮಾಡಿ, ಬ್ಯಾಂಕಿಗೂ ತಿಳಿಸಿ. ಬೇಗ ತಿಳಿಸಿದಷ್ಟೂ ಹಣವನ್ನು ದಾರಿಯಲ್ಲೇ ತಡೆಹಿಡಿಯುವ ಸಾಧ್ಯತೆ ಹೆಚ್ಚು. ನೀವು ಸೂರತ್‌ನಲ್ಲಿದ್ದರೂ ಹುಬ್ಬಳ್ಳಿಯಲ್ಲಿದ್ದರೂ ಸಂಖ್ಯೆ ಇದೇ. ರಾಷ್ಟ್ರೀಯ ಸೈಬರ್ ಅಪರಾಧ ವರದಿ ಪೋರ್ಟಲ್‌ನಲ್ಲೂ ದೂರು ದಾಖಲಿಸಬಹುದು. ಹೇಳಿದ ವಸ್ತು ಕೊಡದ ಕಂಪನಿ ವಿರುದ್ಧ ದೂರಲು ಗ್ರಾಹಕ ಸಹಾಯವಾಣಿ 1915 ಇದೆ. ಚಾಟ್, ಲಿಂಕ್, ಪಾವತಿಯ ಸ್ಕ್ರೀನ್‌ಶಾಟ್ ಅಳಿಸಬೇಡಿ.

ಇನ್ನೊಂದು ಮಾತು. ನೀವು ಆಗಲೇ ಲಿಂಕ್ ಕಳಿಸಿದ್ದರೆ ಸಂಕೋಚ ಬಿಟ್ಟು ಆ ಐವರಿಗೂ ಇಂದೇ ಫೋನ್ ಮಾಡಿ ಹೇಳಿಬಿಡಿ. ಅವರು ಆ ಲಿಂಕ್ ಒತ್ತುವುದು ವೆಬ್‌ಸೈಟ್ ನಂಬಿ ಅಲ್ಲ, ನಿಮ್ಮನ್ನು ನಂಬಿ.