ಅಳಿಸುವ ಹಕ್ಕು ಯಾರದು? ಕಡತದಿಂದ ಟ್ಯಾಲಿಯವರೆಗೆ

ಸರ್ಕಾರಿ ಕಚೇರಿಗಳಲ್ಲಿ ದುಡಿಯುವ ನಾವು ಕನ್ನಡದಲ್ಲಿ ಮಾತನಾಡುವಾಗ ಫೈಲಿಗೆ 'ಕಡತ' ಎನ್ನುತ್ತೇವೆ. ಆ ಹೆಸರು ಮೂಲತಃ ಕಾಗದದ ಕಟ್ಟಿನದಲ್ಲ. ಬಟ್ಟೆಗೆ ಹುಣಿಸೆ ಬೀಜದ ಅಂಟನ್ನೂ ಇದ್ದಿಲ ಪುಡಿಯನ್ನೂ ಬಳಿದು, ಒಣಗಿಸಿ, ಮಡಿಕೆ ಮಡಿಕೆಯಾಗಿ ಮಡಚಿಟ್ಟ ಕರಿಯ ಪುಸ್ತಕವೇ ಕಡತ. ಅದರ ಮೇಲೆ ಬಿಳಿಯ ಬಳಪದಿಂದ ಬರೆಯುತ್ತಿದ್ದರು. ಕಾಗದ ಸುಲಭವಾಗಿ ಕೈಗೆಟುಕುವ ಮುನ್ನ ಕನ್ನಡ ನಾಡಿನ ವರ್ತಕರು, ಶಾನುಭೋಗರು, ಮಠಗಳವರು ಲೆಕ್ಕವಿಟ್ಟದ್ದು ಇಂಥ ಬಟ್ಟೆಯ ಮೇಲೆ. ಶೃಂಗೇರಿ ಮಠದ ಕಡತಗಳು ಇಂದಿಗೂ ಇತಿಹಾಸಕಾರರಿಗೆ ಮುಖ್ಯ ಆಕರಗಳಾಗಿವೆ.

ಕಡತಕ್ಕೆ ಎರಡು ಗುಣಗಳಿದ್ದವು. ಜೋಪಾನ ಮಾಡಿದರೆ ಬರಹ ಬಹುಕಾಲ ಉಳಿಯುತ್ತಿತ್ತು. ಬೇಕೆಂದರೆ ಅದನ್ನು ಅಳಿಸಿ ಮತ್ತೆ ಬರೆಯಲೂಬಹುದಿತ್ತು. ಲೆಕ್ಕಪತ್ರದ ಇತಿಹಾಸದುದ್ದಕ್ಕೂ ಈ ಎರಡು ಗುಣಗಳ ಜಗ್ಗಾಟ ಕಾಣುತ್ತದೆ. ಬರೆದದ್ದು ಉಳಿಯಬೇಕು, ತಪ್ಪಿದ್ದರೆ ತಿದ್ದಲೂ ಬರಬೇಕು. ಆದರೆ ತಿದ್ದುವ ಅಧಿಕಾರ ಯಾರಿಗೆ? ತಿದ್ದಿದ್ದು ಇತರರಿಗೆ ಕಾಣಬೇಕೇ, ಬೇಡವೇ? ಸಣ್ಣ ವ್ಯಾಪಾರದ ಮತ್ತು ಮನೆಯ ಲೆಕ್ಕ ಮೇಜಿನ ಮೇಲಿನ ಕಂಪ್ಯೂಟರಿಗೆ ಬಂದ ನಾಲ್ಕು ದಶಕಗಳ ಕಥೆಯನ್ನು ಈ ಪ್ರಶ್ನೆಯ ಬೆಳಕಿನಲ್ಲಿ ನೋಡುವುದು ನಮ್ಮ ಉದ್ದೇಶ.

ಇಂಗ್ಲೆಂಡಿನ ರಾಜಬೊಕ್ಕಸ ಈ ಪ್ರಶ್ನೆಗೆ ಮರದ ಕಡ್ಡಿಯಲ್ಲಿ ಉತ್ತರ ಕಂಡುಕೊಂಡಿತ್ತು. ಮೊತ್ತಕ್ಕೆ ತಕ್ಕಂತೆ ಕಡ್ಡಿಯ ಮೇಲೆ ಕಚ್ಚು ಹಾಕಿ, ಅದನ್ನು ಉದ್ದಕ್ಕೆ ಸೀಳಿ, ಕೊಟ್ಟವನಿಗೊಂದು ಹೋಳು, ಪಡೆದವನಿಗೊಂದು ಹೋಳು ಕೊಡುತ್ತಿದ್ದರು. ಒಬ್ಬನು ಕಳ್ಳಕಚ್ಚು ಹಾಕಿದರೆ ಎರಡು ಹೋಳುಗಳು ಕೂಡುತ್ತಿರಲಿಲ್ಲ. ಈ ಕಡ್ಡಿಗೆ ಟ್ಯಾಲಿ ಎಂದು ಹೆಸರು. ಅಲ್ಲಿನ ಸರ್ಕಾರ ಇದನ್ನು 1826ರವರೆಗೂ ಬಿಡಲಿಲ್ಲ. ರಾಶಿಬಿದ್ದಿದ್ದ ಹಳೆಯ ಕಡ್ಡಿಗಳನ್ನು 1834ರ ಅಕ್ಟೋಬರಿನಲ್ಲಿ ಒಲೆಗೆ ಹಾಕಿದಾಗ ಬೆಂಕಿ ಹಬ್ಬಿ ಪಾರ್ಲಿಮೆಂಟ್ ಭವನವೇ ಸುಟ್ಟುಹೋಯಿತು. ನಮ್ಮ 'ತಾಳೆ ನೋಡು', 'ತಾಳೆ ಪಟ್ಟಿ'ಗಳಲ್ಲಿರುವ ತಾಳೆಗೂ ಆ ಟ್ಯಾಲಿಗೂ ಧ್ವನಿಸಾಮ್ಯ ಆಕಸ್ಮಿಕವಾದದ್ದು. ಇಂಗ್ಲಿಷ್ ಪದ ಬಂದದ್ದು ಕಡ್ಡಿ ಎಂಬರ್ಥದ ಲ್ಯಾಟಿನ್ ಶಬ್ದದಿಂದ. ಅರ್ಥ ಮಾತ್ರ ಸೊಗಸಾಗಿ ಕೂಡಿಬಂದಿದೆ.

ಲೂಕಾ ಪಚೋಲಿ 1494ರಲ್ಲಿ ವೆನಿಸ್ಸಿನಲ್ಲಿ ಅಚ್ಚುಮಾಡಿಸಿದ ಗಣಿತಗ್ರಂಥದಲ್ಲಿ ವಿವರಿಸಿದ ಜೋಡಿ ನಮೂದಿನ ಪದ್ಧತಿಯೂ ಒಂದರ್ಥದಲ್ಲಿ ಸೀಳಿದ ಕಡ್ಡಿಯೇ. ಪ್ರತಿ ಮೊತ್ತವೂ ಒಂದು ಖಾತೆಯಲ್ಲಿ ಜಮೆಯಾಗಿ, ಇನ್ನೊಂದರಲ್ಲಿ ಖರ್ಚಾಗಿ ಎರಡು ಕಡೆ ಕೂರುತ್ತದೆ. ಒಂದು ಕಡೆ ಮಾತ್ರ ಅಳಿಸಿದರೆ ತಾಳೆ ತಪ್ಪುತ್ತದೆ. ಕಾಗದ ಮತ್ತು ಮಸಿ ಇದಕ್ಕೆ ಇನ್ನೊಂದು ಕಾವಲು ಹಾಕಿದವು. ಕೇಂದ್ರ ಸರ್ಕಾರದ 1983ರ ಸ್ವೀಕೃತಿ ಮತ್ತು ಪಾವತಿ ನಿಯಮಗಳ ಪ್ರಕಾರ ನಗದು ಪುಸ್ತಕದಲ್ಲಿ ಬರೆದುದನ್ನು ಅಳಿಸುವುದಾಗಲಿ, ಅದರ ಮೇಲೆಯೇ ತಿದ್ದಿ ಬರೆಯುವುದಾಗಲಿ ನಿಷಿದ್ಧವಾಗಿತ್ತು. ತಪ್ಪನ್ನು ಗೆರೆ ಎಳೆದು ಹೊಡೆದು, ಸರಿಯಾದದ್ದನ್ನು ಕೆಂಪು ಮಸಿಯಲ್ಲಿ ಬರೆಯಬೇಕಿತ್ತು. ಕಚೇರಿಯ ಮುಖ್ಯಸ್ಥರು ದಿನಾಂಕಸಹಿತ ಕಿರುಸಹಿ ಹಾಕಬೇಕಿತ್ತು. ತಪ್ಪು ಮಾಡುವುದು ಅಪರಾಧವಲ್ಲ, ತಪ್ಪನ್ನು ಮರೆಮಾಚುವುದು ಅಪರಾಧ ಎಂಬ ವಿವೇಕ ಈ ನಿಯಮದಲ್ಲಿತ್ತು.

ಕಂಪ್ಯೂಟರು ಈ ಕೆಂಪು ಮಸಿಯನ್ನು ಸದ್ದಿಲ್ಲದೆ ಒರೆಸಿಹಾಕಿತು. 1979ರಲ್ಲಿ ಆಪಲ್ 2 ಯಂತ್ರಕ್ಕೆಂದು ಬಂದ ವಿಸಿಕ್ಯಾಲ್ಕ್‌ನಲ್ಲಿ ಒಂದು ಚೌಕದ ಅಂಕಿ ಬದಲಾಯಿಸಿದರೆ ಉಳಿದ ಮೊತ್ತಗಳೆಲ್ಲ ತಾವಾಗಿಯೇ ಸರಿಹೊಂದುತ್ತಿದ್ದವು. ಅದು ಅಂದಿನವರಿಗೆ ಪವಾಡವಾಗಿಯೇ ಕಂಡಿರಬೇಕು. ಹಳೆಯ ಅಂಕಿಯ ಗುರುತು ಮಾತ್ರ ಎಲ್ಲಿಯೂ ಉಳಿಯುತ್ತಿರಲಿಲ್ಲ. ಅಮೆರಿಕದಲ್ಲಿ 1983ರಲ್ಲಿ ಸ್ಥಾಪನೆಯಾದ ಇಂಟ್ಯೂಟ್ ಕಂಪನಿಯ ಕ್ವಿಕನ್ ಮನೆಯ ಲೆಕ್ಕಕ್ಕೆ ಹುಟ್ಟಿದ ತಂತ್ರಾಂಶ. ಅದರ ಪರದೆ ಚೆಕ್ ಪುಸ್ತಕದ ಪುಟವನ್ನೇ ಹೋಲುತ್ತಿದ್ದುದರಿಂದ ಲೆಕ್ಕಶಾಸ್ತ್ರ ತಿಳಿಯದವರೂ ಅದನ್ನು ಬಳಸಬಲ್ಲವರಾದರು.

ಭಾರತದ ಅಧ್ಯಾಯ ಆರಂಭವಾದದ್ದು ಬೆಂಗಳೂರಿನಲ್ಲಿ. ಜವಳಿ ಗಿರಣಿ ಮೊದಲಾದ ಕಾರ್ಖಾನೆಗಳಿಗೆ ಕಚ್ಚಾ ಮಾಲನ್ನೂ ಯಂತ್ರದ ಬಿಡಿಭಾಗಗಳನ್ನೂ ಒದಗಿಸುತ್ತಿದ್ದ ಶ್ಯಾಮ್ ಸುಂದರ್ ಗೋಯೆಂಕಾ ಅವರಿಗೆ ತಮ್ಮ ವ್ಯಾಪಾರಕ್ಕೆ ಒಗ್ಗುವ ಲೆಕ್ಕದ ತಂತ್ರಾಂಶ ಸಿಗಲಿಲ್ಲ. ಗಣಿತ ಓದಿದ್ದ ಮಗ ಭರತ್ ಗೋಯೆಂಕಾ ಅವರಿಗೆ ಆ ಕೆಲಸ ಒಪ್ಪಿಸಿದರು. 1986ರಲ್ಲಿ ಪ್ಯೂಟ್ರಾನಿಕ್ಸ್ ಸಂಸ್ಥೆ ಹುಟ್ಟಿತು. ಡಾಸ್ ಕಾಲದ ಆ ಮೊದಲ ತಂತ್ರಾಂಶವೇ ಮುಂದೆ ಟ್ಯಾಲಿ ಎಂಬ ಹೆಸರು ಪಡೆಯಿತು. ಅಂದಿನ ಹಲವು ತಂತ್ರಾಂಶಗಳಲ್ಲಿ ಪ್ರತಿ ಖಾತೆಗೂ ಒಂದೊಂದು ಸಂಖ್ಯೆಯ ಸಂಕೇತ. ಅದನ್ನು ನೆನಪಿಡುವುದೇ ಒಂದು ವಿದ್ಯೆ. ಟ್ಯಾಲಿ ಸಂಕೇತಗಳನ್ನು ಕೈಬಿಟ್ಟು, ಖಾತೆಯನ್ನು ಹೆಸರಿನಿಂದಲೇ ಕರೆಯಲು ಬಿಟ್ಟಿತು. ಎಫ್5 ಒತ್ತಿದರೆ ಪಾವತಿ, ಎಫ್6 ಒತ್ತಿದರೆ ಸ್ವೀಕೃತಿ, ಎಫ್8 ಒತ್ತಿದರೆ ಮಾರಾಟ. ಕಿರ್ದಿ ಬರೆದು ರೂಢಿಯಿದ್ದ ಗುಮಾಸ್ತರ ಕೈ ಇದಕ್ಕೆ ಬೇಗ ಪಳಗಿತು. 2005ರಲ್ಲಿ ಕರ್ನಾಟಕವೂ ಸೇರಿ ಹಲವು ರಾಜ್ಯಗಳು ವ್ಯಾಟ್ ತಂದಾಗ, ಕೊಂಡ ಮಾಲಿಗೆ ಕಟ್ಟಿದ ತೆರಿಗೆಯನ್ನು ಮಾರಿದ ಮಾಲಿನ ತೆರಿಗೆಯಲ್ಲಿ ಕಳೆಯಬೇಕಾದರೆ ಬಿಲ್ಲು ಬಿಲ್ಲಿಗೂ ಲೆಕ್ಕ ಬೇಕಾಯಿತು. 2017ರ ಜುಲೈ 1ರಂದು ಬಂದ ಜಿಎಸ್‌ಟಿ ಆ ಅಗತ್ಯವನ್ನು ಇನ್ನಷ್ಟು ಬಿಗಿಗೊಳಿಸಿತು. 2009ರ ಆವೃತ್ತಿ ಕನ್ನಡದಲ್ಲಿಯೂ ದೊರೆತದ್ದು ನಮಗೆ ಸಂತೋಷದ ಸಂಗತಿ. 2020ರಲ್ಲಿ ಭರತ್ ಗೋಯೆಂಕಾ ಅವರಿಗೆ ಪದ್ಮಶ್ರೀ ಸಂದಿತು.

ಟ್ಯಾಲಿಯ ಈ ಸರಳತೆಗೆ ಇನ್ನೊಂದು ಮುಖವೂ ಇತ್ತು. ಹಿಂದಿನ ಯಾವುದೇ ದಿನದ ವೋಚರನ್ನು ತೆರೆದು ಮೊತ್ತ ಬದಲಾಯಿಸಬಹುದಿತ್ತು. ಆಲ್ಟ್ ಮತ್ತು ಡಿ ಕೀಲಿಗಳನ್ನು ಒಟ್ಟಿಗೆ ಒತ್ತಿದರೆ ವೋಚರೇ ಮಾಯ. ಎರಡು ಕಡೆಯ ನಮೂದೂ ಒಮ್ಮೆಗೇ ಹೋಗುವುದರಿಂದ ತಾಳೆ ಪಟ್ಟಿ ಕೆಡುತ್ತಿರಲಿಲ್ಲ. ಸಂಖ್ಯೆಗಳನ್ನು ತಂತ್ರಾಂಶವೇ ಕೊಡುವ ಕ್ರಮವಿದ್ದರೆ ಮುಂದಿನ ವೋಚರುಗಳು ಒಂದೊಂದು ಸ್ಥಾನ ಮುಂದೆ ಸರಿದು ಆ ತೆರವನ್ನೂ ತುಂಬುತ್ತಿದ್ದವು. ಪಚೋಲಿಯ ಕಾವಲು ಇಲ್ಲಿ ಕೆಲಸಕ್ಕೆ ಬಾರದಾಯಿತು. ತಿದ್ದುಪಡಿಗಳನ್ನು ಗುರುತಿಸುವ ಸೌಲಭ್ಯ ಇರಲಿಲ್ಲವೆಂದಲ್ಲ. ಬಳಸುವುದೂ ಬಿಡುವುದೂ ಮಾಲೀಕರ ಇಚ್ಛೆಗೆ ಸೇರಿತ್ತು. ಇದು ಟ್ಯಾಲಿಗೆ ಮಾತ್ರ ಸೇರಿದ ಗುಣವೂ ಅಲ್ಲ. ಮೇಜಿನ ಕಂಪ್ಯೂಟರಿನಲ್ಲಿ ಲೆಕ್ಕವೆಂದರೆ ಮತ್ತೆ ಬಳಪದ ಬರಹವೇ ಆಗಿಹೋಯಿತು.

ಲೆಕ್ಕದ ಪುಸ್ತಕಕ್ಕೆ ನ್ಯಾಯಾಲಯದಲ್ಲಿ ಬೆಲೆ ಬರುವುದು ಅದನ್ನು ಕ್ರಮವಾಗಿ ಬರೆದಿದ್ದರೆ ಮಾತ್ರ. ಸುಪ್ರೀಂ ಕೋರ್ಟ್ 1998ರ ಹವಾಲಾ ಪ್ರಕರಣದಲ್ಲಿ ಬಿಡಿ ಹಾಳೆಗಳನ್ನು ಪುಸ್ತಕವೆಂದು ಒಪ್ಪಲಿಲ್ಲ. ಪುಸ್ತಕದ ನಮೂದೊಂದೇ ಯಾರ ಮೇಲೂ ಹೊಣೆ ಹೊರಿಸಲು ಸಾಲದೆಂದೂ ಹೇಳಿತು. 2000ನೆಯ ಇಸವಿಯ ಮಾಹಿತಿ ತಂತ್ರಜ್ಞಾನ ಕಾಯ್ದೆ ವಿದ್ಯುನ್ಮಾನ ರೂಪದ ಲೆಕ್ಕಪುಸ್ತಕಗಳಿಗೂ ಸಾಕ್ಷ್ಯದಲ್ಲಿ ಸ್ಥಾನ ಕೊಟ್ಟಿತು. ಆದರೆ ಗುರುತಿಲ್ಲದೆ ಅಳಿಸಬಲ್ಲ ಪುಸ್ತಕ ಬಿಡಿ ಹಾಳೆಗಿಂತ ಎಷ್ಟು ಮೇಲು?

ಕಾನೂನು ಕೊನೆಗೆ ಕೆಂಪು ಮಸಿಯನ್ನು ಮರಳಿ ತಂದಿತು. ಎರಡು ಬಾರಿ ಮುಂದೂಡಲ್ಪಟ್ಟ ಬಳಿಕ, 2023ರ ಏಪ್ರಿಲ್ 1ರಿಂದ ಒಂದು ನಿಯಮ ಜಾರಿಗೆ ಬಂತು. ಅದರಂತೆ ಲೆಕ್ಕಕ್ಕೆ ತಂತ್ರಾಂಶ ಬಳಸುವ ಕಂಪನಿಗಳೆಲ್ಲವೂ ಪ್ರತಿ ತಿದ್ದುಪಡಿಯನ್ನು ದಿನಾಂಕಸಹಿತ ದಾಖಲಿಸುವ ತಂತ್ರಾಂಶವನ್ನೇ ಬಳಸಬೇಕು. ಆ ದಾಖಲೆಯನ್ನು ಯಾರೂ ನಿಷ್ಕ್ರಿಯಗೊಳಿಸುವಂತಿರಬಾರದು. ಟ್ಯಾಲಿಯೂ ಅಂಥ 'ಎಡಿಟ್ ಲಾಗ್' ಆವೃತ್ತಿಯನ್ನು ಹೊರತಂದಿತು. ಮನೆಯ ಲೆಕ್ಕಕ್ಕೂ ಸಣ್ಣ ವ್ಯಾಪಾರಕ್ಕೂ ಉಚಿತವಾಗಿ ದೊರೆಯುವ ಗ್ನೂಕ್ಯಾಶ್‌ನಲ್ಲಿ ಇದೇ ವಿವೇಕದ ಕಿರುರೂಪವಿದೆ. ಇಷ್ಟು ದಿನಕ್ಕಿಂತ ಹಳೆಯ ನಮೂದುಗಳನ್ನು ತಿದ್ದಬಾರದೆಂದು ನಾವೇ ಗಡುವು ಹಾಕಿಕೊಳ್ಳಬಹುದು. ಪರದೆಯ ಮೇಲೆ ಆ ಗಡುವು ಕೆಂಪು ಗೆರೆಯಾಗಿ ಕಾಣಿಸುತ್ತದೆ!

ಆದರೆ 2023ರ ನಿಯಮ ಅನ್ವಯಿಸುವುದು ಕಂಪನಿಗಳಿಗೆ ಮಾತ್ರ. ಅಣ್ಣತಮ್ಮಂದಿರೋ ಊರವರೋ ಕೂಡಿ ಪಾಲುದಾರಿಕೆಯಲ್ಲಿ ನಡೆಸುವ ಮುಂಬಯಿಯ ಉಡುಪಿ ಹೋಟೆಲಿಗೆ ಅದು ಅನ್ವಯಿಸದು. ಅಲ್ಲಿ ಗಲ್ಲಾಪೆಟ್ಟಿಗೆಯ ಬಳಿ ಕೂರುವ ಪಾಲುದಾರ ಒಬ್ಬ, ಊರಿನಲ್ಲಿದ್ದು ವರ್ಷಕ್ಕೊಮ್ಮೆ ಪಾಲು ಪಡೆಯುವವ ಇನ್ನೊಬ್ಬ. ಇಬ್ಬರ ಕೈಯಲ್ಲೂ ಕಡ್ಡಿಯ ಒಂದೊಂದು ಹೋಳು ಇರಬೇಡವೇ? ಸಂಘಗಳಾಗಿ ನೋಂದಣಿಯಾದ ನಮ್ಮ ಕನ್ನಡ ಸಂಘಗಳಿಗೂ ಆ ನಿಯಮದ ಕಟ್ಟಿಲ್ಲ. ಪುಣೆಯಿರಲಿ, ಚೆನ್ನೈಯಿರಲಿ, ದೆಹಲಿಯಿರಲಿ, ರಾಜ್ಯೋತ್ಸವದ ವಂತಿಗೆ, ಕಟ್ಟಡ ನಿಧಿ, ವಿದ್ಯಾರ್ಥಿವೇತನ ಎಲ್ಲವೂ ಕೋಶಾಧಿಕಾರಿಗಳ ಸ್ವಂತ ಲ್ಯಾಪ್‌ಟಾಪಿನಲ್ಲಿಯೇ ಇದ್ದರೆ ಅಧಿಕಾರ ಬದಲಾದಾಗ ಕೈಗೆ ಬರುವುದು ಅಚ್ಚಾದ ಆಯವ್ಯಯ ಪತ್ರವೊಂದೇ. ಮುಂದೆ ಸಂಶಯವೆದ್ದರೆ ಪ್ರಾಮಾಣಿಕರಾದ ಕೋಶಾಧಿಕಾರಿಗಳ ಬಳಿಯೂ ತೋರಿಸಲು ಏನೂ ಇರುವುದಿಲ್ಲ. ತಿದ್ದುಪಡಿಯ ದಾಖಲೆ ಕಳ್ಳರನ್ನು ಹಿಡಿಯುವುದಕ್ಕಿಂತ ಹೆಚ್ಚಾಗಿ ಸಜ್ಜನರನ್ನು ಕಾಯುತ್ತದೆಂಬುದು ನಮ್ಮ ನಂಬಿಕೆ.

ಆದ್ದರಿಂದ ಕಾನೂನು ಕೇಳದಿದ್ದರೂ ಮೂರು ಕೆಲಸಗಳನ್ನು ನಾವೇ ಮಾಡಬಹುದು. ಲೆಕ್ಕವನ್ನು ತಿದ್ದುಪಡಿ ದಾಖಲಿಸುವ ಆವೃತ್ತಿಯಲ್ಲಿಯೇ ಇಡುವುದು. ತಿಂಗಳ ಕೊನೆಗೆ ಅದರ ಒಂದು ಪ್ರತಿಯನ್ನು ಕೋಶಾಧಿಕಾರಿಗಳಲ್ಲದ ಇನ್ನೊಬ್ಬ ಪದಾಧಿಕಾರಿಯ ಬಳಿ ಇಡುವುದು. ವಾರ್ಷಿಕ ಸಭೆಯಲ್ಲಿ ಆಯವ್ಯಯದೊಂದಿಗೆ ತಿದ್ದುಪಡಿಗಳ ಪಟ್ಟಿಯನ್ನೂ ಮಂಡಿಸುವುದು. ಇದಕ್ಕೆ ಹೆಚ್ಚು ಹಣವಾಗಲಿ ಪಾಂಡಿತ್ಯವಾಗಲಿ ಬೇಕಿಲ್ಲ. ಅಳಿಸುವ ಹಕ್ಕು ಯಾರ ಕೈಯಲ್ಲಿ ಇರಲಿ, ಅಳಿಸಿದ್ದನ್ನು ತಿಳಿಯುವ ಹಕ್ಕು ವಂತಿಗೆ ಕೊಟ್ಟ ಎಲ್ಲರದೂ ಹೌದು.